ಮಂಚದ ಕಾಲಿಗಿಟ್ಟ ಕೊಡತಿ

"ಗುರುಗಳೇ, ನಮ್ಮ ಮಠ ಕಟ್ಟಿದವರ ತಂಬೂರಿಗೆ ಗಾಜಿನ ಪೆಟ್ಟಿಗೆ ಮಾಡಿಸಿದ್ದೇವೆ. ಇನ್ನು ಅದನ್ನು ಯಾರೂ ಮುಟ್ಟುವಂತಿಲ್ಲ. ಕಟ್ಟಿದವರಿಗೆ ಇದಕ್ಕಿಂತ ದೊಡ್ಡ ಗೌರವ ಉಂಟೇ?" ಎಂದು ಶಿಷ್ಯ ಕೇಳಿದ.

ಗುರು ಕತೆ ಹೇಳಿದರು.

ನಡುಗಡಲಿನಲ್ಲಿ ಹವಾಯಿ ಎಂಬ ದ್ವೀಪಗಳಿವೆ. ಅಲ್ಲಿ ಹಿಂದೆ ಮಗ್ಗ ಇರಲಿಲ್ಲ. ಮರದ ಒಳತೊಗಟೆಯ ನಾರನ್ನು ನೆನೆಸಿ, ಮರದ ಕೊಡತಿಯಿಂದ ಬಡಿದು ಬಡಿದು ಬಟ್ಟೆ ಮಾಡುತ್ತಿದ್ದರು. ಕೊಡತಿಯ ಮೈಮೇಲೆ ಕೆತ್ತಿದ ಗೆರೆಗಳು ಬಟ್ಟೆಯಲ್ಲಿ ಮೂಡುತ್ತಿದ್ದವು. ಹಡಗಿನಲ್ಲಿ ಅಂಗಡಿಯ ಬಟ್ಟೆ ಬಂದಿಳಿದ ಮೇಲೆ ಕೊಡತಿಗಳು ಒಲೆ ಸೇರಿದವು. ಹಿತ್ತಲ ಗಿಡ ಮದ್ದಲ್ಲ ಎನ್ನುವವರು ನಮ್ಮಲ್ಲಿ ಮಾತ್ರ ಇದ್ದಾರೆಂದು ತಿಳಿಯಬೇಡ.

ಅಲ್ಲಿಯ ಒಂದೂರಿನಲ್ಲಿ ಒಬ್ಬ ಹೆಂಗಸು ಮನೆಮನೆಗೆ ಹೋಗಿ ಹಳೆಯ ವಸ್ತುಗಳನ್ನು ಬೇಡಿ ತಂದಳು. ಮರದ ಬೋಗುಣಿ, ಮೂಳೆಯ ಗಾಳ, ಹರಕು ಚಾಪೆ. ಜನ ಮೂಗು ಮುರಿದರು. ಒಂದು ಮನೆಯಲ್ಲಿ ಕುಂಟುವ ಮಂಚದ ಕಾಲಿಗೆ ಆನಿಸಿಟ್ಟ ಕೊಡತಿ ಸಿಕ್ಕಿತು. ಆ ಊರಿಗೆ ಉಳಿದದ್ದು ಅದೊಂದೇ. ಅದರ ಜಾಗದಲ್ಲಿ ಒಂದು ಕಲ್ಲಿಟ್ಟು ಅದನ್ನು ತಂದಳು. ಹೀಗೆ ತಂದದ್ದೆಲ್ಲ ಸೇರಿ ಒಂದು ವಸ್ತುಸಂಗ್ರಹಾಲಯವಾಯಿತು. ಅವಳು ಹಳಬರನ್ನು ಕೇಳಿ ಬಡಿಯುವುದನ್ನು ಕಲಿತು, ಒಂದು ನಿಯಮವನ್ನೂ ಮಾಡಿದಳು: ವಾರಕ್ಕೊಮ್ಮೆ ಕೊಡತಿ ಗೋಡೆಯಿಂದ ಇಳಿಯಬೇಕು, ಅಂಗಳದಲ್ಲಿ ನಾರು ಬಡಿಯಬೇಕು. ಅವಳಿಂದ ಮೊದಲು ಕಲಿತವಳು ಊರವರ ಬಟ್ಟೆ ಒಗೆದು ಬದುಕುತ್ತಿದ್ದ ಒಬ್ಬಳು.

ಕಟ್ಟಿದವಳು ತೀರಿಕೊಂಡಳು. ಬಟ್ಟೆ ಒಗೆಯುವವಳು ಮುದುಕಿಯಾದಳು. ಅವಳ ಬಳಿ ನಾಲ್ವರು ಹೆಂಗಸರು ಕಲಿಯುತ್ತಿದ್ದರು. ಅವರ ಕೈ ಇನ್ನೂ ಪಳಗಿರಲಿಲ್ಲ, ಬಡಿದ ಬಟ್ಟೆ ನಡುವೆ ಹರಿದುಹೋಗುತ್ತಿತ್ತು. ಅಷ್ಟರಲ್ಲಿ, ಸಂಸ್ಥಾಪಕಿಯ ಸ್ಮರಣೆಯ ದಿನ ಹತ್ತಿರ ಬಂತೆಂದು, ಅವಳ ನಂತರ ಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಯಜಮಾನ ಕೊಡತಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಅವನು ಕೆಟ್ಟವನಲ್ಲ. ಗೆರೆಗಳು ಸವೆಯುವುದನ್ನು ಕಂಡಾಗಲೆಲ್ಲ ಅವನ ಕರುಳು ಚುರುಕ್ ಎನ್ನುತ್ತಿತ್ತು.

ಮುದುಕಿಗೆ ಸಂಕಟವಾಯಿತು. ಸಾವಿನ ಭಯ ಅವಳಿಗೆ ಇರಲಿಲ್ಲ. ಕೈಯಲ್ಲಿದ್ದ ವಿದ್ಯೆಯೂ ತನ್ನ ಜೊತೆಯೇ ಮಣ್ಣಾಗುತ್ತದಲ್ಲ ಎಂಬುದೇ ದುಃಖ. ಅತ್ತರೆ ಬೀಗ ತೆರೆಯುವುದಿಲ್ಲ ಎಂದುಕೊಂಡು, ಎದ್ದು ಹೋಗಿ ನಾರು ನೆನೆಹಾಕಿದಳು.

ಸ್ಮರಣೆಯ ದಿನ ಊರೆಲ್ಲ ಸೇರಿತು. ಅಲ್ಲಿಯೂ ಗೌರವವೆಂದರೆ ಹೂಮಾಲೆ. ಮೊದಲ ಶಿಷ್ಯೆ ಎಂದು ಮೊದಲ ಮಾಲೆಯನ್ನು ಮುದುಕಿಯ ಕೈಗೆ ಕೊಟ್ಟರು. ಅವಳು ಕಟ್ಟಿದವಳ ಚಿತ್ರಪಟದ ಮುಂದೆ ಹೋಗಿ ನಿಂತಳು. ಮಾಲೆ ಹಾಕಲಿಲ್ಲ.

"ಪೆಟ್ಟಿಗೆ ತೆಗೀರಿ. ಆಮೇಲೆ ಹಾಕ್ತೀನಿ" ಎಂದಳು.

ಯಜಮಾನ ಹತ್ತಿರ ಬಂದು ದನಿ ತಗ್ಗಿಸಿದ. "ಅಜ್ಜಿ, ಇನ್ನು ಹತ್ತು ವರ್ಷ ಬಡಿದರೆ ಅದರಲ್ಲಿ ಒಂದು ಗೆರೆಯೂ ಉಳಿಯೋದಿಲ್ಲ. ಆಮೇಲೆ ಅವರ ನೆನಪಿಗೆ ಅಂತ ಏನಿದೆ?"

"ಮಂಚದ ಕೆಳಗೂ ಅದು ಸವೀತಿರಲಿಲ್ಲಪ್ಪ. ಮತ್ತೆ ಅವಳು ಯಾಕೆ ತಂದಳು?"

ಯಜಮಾನ ಬೀಗ ತೆಗೆಯಲಿಲ್ಲ. ಬಿಸಿಲೇರಿತು. ಊರಿನ ದೊಡ್ಡವರು ಬಂದು ಬುದ್ಧಿ ಹೇಳಿದರು, ನೆಂಟರು ಬಂದು ಬೈದರು. ಜಪ್ಪಯ್ಯ ಎಂದರೂ ಅವಳು ಕದಲಲಿಲ್ಲ. ಹತ್ತು ಜನರ ಮುಂದೆ ಹೀಗೆ ನಿಲ್ಲಬೇಕಾಯಿತಲ್ಲ ಎಂದು ನಾಚಿಕೆಯಾಗುತ್ತಿತ್ತು. ಆದರೂ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಆ ನಾಲ್ವರು ಹೆಂಗಸರು ನೆನೆದ ನಾರಿನ ಕಟ್ಟು ಹಿಡಿದು ಬಂದು ಅವಳ ಹಿಂದೆ ನಿಂತರು. ಮಾಲೆಯ ಹೂ ಬಾಡತೊಡಗಿತು. ಕೊನೆಗೆ ಯಜಮಾನನೇ ಹೋಗಿ ಬೀಗ ತೆಗೆದ.

ಮುದುಕಿ ಮಾಲೆ ಹಾಕಿ ಕೈ ಮುಗಿದಳು. ಆಮೇಲೆ ಕೊಡತಿಯನ್ನು ತಾನು ಹಿಡಿಯದೆ, ನಾಲ್ವರಲ್ಲಿ ಎಲ್ಲರಿಗಿಂತ ಒಡ್ಡೊಡ್ಡಾಗಿ ಬಡಿಯುತ್ತಿದ್ದವಳ ಕೈಗೆ ಕೊಟ್ಟು, "ನೀನು ಬಡಿ" ಎಂದಳು.

ಇಷ್ಟು ಹೇಳಿ ಗುರು ಕತೆ ಮುಗಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಯಜಮಾನ ಹೇಳಿದ್ದೂ ಸುಳ್ಳಲ್ಲವಲ್ಲ, ಗುರುಗಳೇ. ಆ ಕೊಡತಿ ಸವೆದು ಹೋಗಲಿಲ್ಲವೇ?"

"ಹೋಯಿತು" ಎಂದರು ಗುರು. "ಅದಕ್ಕೇ ಆ ಊರಿನವರು ಕೊಡತಿ ಕೆತ್ತುವುದನ್ನೂ ಕಲಿತರು."