ಗುರುವಿನ ದನಿಯಿಲ್ಲದ ಕಥೆ

"ಏನಪ್ಪಾ, ಆಶ್ರಮಕ್ಕೆ ಹೀಗೇ ಹೋಗಬೇಕಾ?"

ನದಿಯ ದಡದಲ್ಲಿ ಬಲೆ ಒಣಹಾಕುತ್ತಿದ್ದವನು ತಲೆಯೆತ್ತಿದ. "ಹೀಗೆ ಹೋದರೆ ಸ್ಮಶಾನ ಸಿಗುತ್ತೆ ತಾಯಿ. ಯಾವ ಆಶ್ರಮ?"

"ಕಥೆ ಹೇಳುವ ಗುರುಗಳದ್ದು."

"ಓ, ಅವರದ್ದಾ. ವಾಪಸ್ ಹೋಗಿ, ಹುಣಸೆಮರದ ಹತ್ತಿರ ಎಡಕ್ಕೆ. ಬೇಗ ಹೋಗಿ. ಈಗ ಅವರಿಗೆ ಎರಡು ಮಾತಾಡಿದರೆ ಉಸಿರು ಕಟ್ಟುತ್ತೆ."

ಪದ್ಮಾಕ್ಷಿ ಬಂದ ದಾರಿಯಲ್ಲೇ ತಿರುಗಿದಳು. ದೇಶದೇಶ ಸುತ್ತಿ, ಕಾದಂಬರಿ ಬರೆದು ಹೆಸರು ಮಾಡಿದವಳಿಗೆ ತಾನು ಕಲಿತ ಜಾಗದ ದಾರಿಯೇ ಮರೆತಿತ್ತು.

ಗುರುಗಳು ಜಗಲಿಯ ಕಂಬಕ್ಕೆ ಒರಗಿದ್ದರು.

"ದಕ್ಷಿಣೆ ತಂದೆಯಾ?"

ಅವಳು ಆಶ್ರಮ ಬಿಡುವ ದಿನ ಅವರು ಕೇಳಿದ್ದು ಒಂದೇ: ತಮ್ಮ ದನಿಯಿಲ್ಲದ ಒಂದು ಕಥೆ.

ಪದ್ಮಾಕ್ಷಿ ಹೇಳಿದಳು. ದೂರದ ಬಂದರು, ಗಂಡನಿಗಾಗಿ ಕಾಯುವ ಮೀನುಗಾರ್ತಿ. ಕೊನೆಗೆ, "ಇರಲಿ" ಎಂದು ನಿಲ್ಲಿಸಿದಳು.

"ಇವಳು ನನ್ನ ಕಥೆಯ ಅಗಸಗಿತ್ತಿ. ಸೀರೆ ಬದಲಾಯಿಸಿ ಹಡಗು ಹತ್ತಿಸಿದ್ದೀಯ. ಆ 'ಇರಲಿ'ಯೂ ನನ್ನದೇ."

ಇನ್ನೊಂದು ಹೇಳಿದಳು.

"ಇದರಲ್ಲೂ ನಾನೇ."

"ಎಲ್ಲಿ?"

"ನೀನು ತಡೆದು ನಿಲ್ಲುವ ಕಡೆಯೆಲ್ಲ."

ಪದ್ಮಾಕ್ಷಿಗೆ ರೇಗಿತು. "ಯಾವ ಊರಲ್ಲಿ ಬರೆಯಲು ಕೂತರೂ ಮೊದಲು ಕೇಳಿಸುವುದು ನೀವು. ನಾನೇನು ಮಾಡಲಿ?"

"ಬರೆಯದೆ ಬಿಟ್ಟದ್ದು ಯಾವುದು?"

ಅವಳು ನದಿಯ ಕಡೆ ನೋಡಿದಳು.

"ಅದು ಬೇಡ ಗುರುಗಳೇ."

"ಹೇಳು."

"ಒಬ್ಬ ಹುಡುಗಿ. ಕಥೆ ಕಲಿಯಲು ಬಂದಿದ್ದಳು. ಊರಲ್ಲಿ ಅವ್ವನಿಗೆ ಹುಷಾರಿರಲಿಲ್ಲ. ಮಗಳನ್ನು ಬೇಗ ಕಳಿಸಿ ಅಂತ ಗುರುವಿಗೆ ಹೇಳಿ ಕಳಿಸಿದರು. ಗುರು... ಹುಡುಗಿಗೆ ಹೇಳಲಿಲ್ಲ. ಕಲಿಯುತ್ತಿದ್ದ ಕಥೆ ಮುಗಿಯಲಿ ಅಂತ. ಮುಗಿದ ಮೇಲೆ ಹೇಳಿದ. ಅವಳು ಹೋದಾಗ ಅವ್ವ ಇರಲಿಲ್ಲ. ಸುದ್ದಿ ಎಂದೋ ಕಳಿಸಿದ್ದೆವಲ್ಲ, ಯಾಕೆ ಬರಲಿಲ್ಲ ಅಂತ ಊರವರು ಅವಳನ್ನೇ ಕೇಳಿದರು."

"ಮುಂದೆ?"

"ಮುಂದೇನೂ ಇಲ್ಲ. ಅವ್ವ ಬಾಗಿಲ ಕಡೆ ನೋಡ್ತಾ ಇದ್ದಳಂತೆ. ಅಷ್ಟೇ."

ಗುರುಗಳ ಉಸಿರು ಏರಿಳಿಯಿತು. "ಗೊತ್ತಿದ್ದೂ ಯಾಕೆ ಬರೆಯಲಿಲ್ಲ?"

"ನೀವು ಓದುತ್ತೀರಿ ಅಂತ."

ಗುರುಗಳು ಕಂಬ ಹಿಡಿದು ಎದ್ದರು. ಜಗಲಿಯಿಂದ ಇಳಿದು, ಅವಳ ಎದುರು ನೆಲದ ಮೇಲೆ, ಕೇಳಲು ಕೂರುವ ಶಿಷ್ಯರ ಜಾಗದಲ್ಲಿ ಕೂತರು.

"ದಕ್ಷಿಣೆ ಸಂದಿತು ತಾಯಿ. ಇದರಲ್ಲಿ ನನ್ನ ದನಿ ಇಲ್ಲ. ನಾನಷ್ಟೇ ಇದ್ದೇನೆ."