ಉಪ್ಪಿನೂರಿಗೆ ಹೋದ ಬಸುರಿ

ಒಂದಾನೊಂದು ಊರಿನ ಕೆಳಗೆ ಇನ್ನೊಂದು ಊರಿತ್ತು. ಮೇಲಿನದು ಮಣ್ಣಿನ ಊರು, ಕೆಳಗಿನದು ಉಪ್ಪಿನ ಊರು. ಈಗ ಹಗಲು, ಅದಕ್ಕೇ ಉಪ್ಪು ಅಂತ ಧೈರ್ಯವಾಗಿ ಹೇಳುತ್ತಿದ್ದೇನೆ. ದೀಪ ಹಚ್ಚಿದ ಮೇಲೆ ಆ ಹೆಸರು ಎತ್ತಬಾರದು, ರುಚಿ ಅನ್ನಬೇಕು. ಹೊಸ್ತಿಲು ದಾಟಿಸಿ ಯಾರಿಗೂ ಕೊಡಲೂಬಾರದು. ನಿಮ್ಮ ಮನೆಯಲ್ಲಿ ಈ ಪದ್ಧತಿ ಇಲ್ಲವೇ? ಹೋಗಿ ಅಜ್ಜಿಯನ್ನು ಕೇಳಿ.

ಹಳೇ ಕಾಲದವರು ಉಪ್ಪು ಅಗೆಯುತ್ತಾ ಅಗೆಯುತ್ತಾ ಕೆಳಗಿಳಿದರು. ಸುಸ್ತಾದಾಗ ಕೂರಲು ಜಗಲಿ ಬೇಕಾಯಿತು, ಉಪ್ಪಿನಲ್ಲೇ ಕೆತ್ತಿದರು. ಜಗಲಿ ಇದ್ದ ಮೇಲೆ ಮನೆ ಬೇಡವೇ? ಕೆತ್ತಿದರು. ಮನೆ ಇದ್ದ ಮೇಲೆ ಬೀದಿ, ಬೀದಿ ಇದ್ದ ಮೇಲೆ ಕುದುರೆ, ಕುದುರೆ ಇದ್ದ ಮೇಲೆ ಅದರ ಮೇಲೆ ಕೂರಲು ಒಬ್ಬ ರಾಜ. ಕೆತ್ತಿ ಮುಗಿದ ಕೂಡಲೇ ರಾಜ ಕಣ್ಣು ಬಿಟ್ಟು, "ದೀಪ ಹಚ್ಚಿದ್ದೀರಾ?" ಅಂದ.

ಗಣಿಯೊಳಗೆ ದೀಪವಿಲ್ಲದೆ ಆದೀತೇ? "ಹಚ್ಚಿದ್ದೇವೆ ಸ್ವಾಮಿ" ಅಂದರು.

"ಹಾಗಾದರೆ ಇನ್ನು ಒಂದು ಹರಳೂ ಹೊರಗೆ ಹೋಗಕೂಡದು" ಅಂದ.

ಅಲ್ಲಿಗೆ ಅಗೆಯುವುದು ನಿಂತಿತು. ಊರು ನೋಡಲು ಜನ ಬರತೊಡಗಿದರು. ಹೋಗುವಾಗ ನಗುತ್ತಾ ಹೋದವರು ಬರುವಾಗ ಸಪ್ಪೆ ಮೋರೆ ಹಾಕಿಕೊಂಡು ಬರುತ್ತಿದ್ದರು. ಹೇಗಿತ್ತು ಅಂದರೆ "ಚೆನ್ನಾಗಿತ್ತು" ಅಂತ ಗೋಡೆ ನೋಡುತ್ತಿದ್ದರು. ಪ್ರಯಾಣದ ಆಯಾಸ ಅಂತ ಜನ ಸುಮ್ಮನಾದರು.

ಮೇಲಿನ ಊರಿನಲ್ಲಿ ಸಣ್ಣೀರಮ್ಮ ಅನ್ನುವ ಹೆಂಗಸು ಚೊಚ್ಚಲ ಬಸುರಿ. ಹುಣಸೆಕಾಯಿ ತಂದುಕೊಟ್ಟರು, ಬೇಡ ಅಂದಳು. ಕೆಮ್ಮಣ್ಣಿನ ಹೆಂಟೆ ತಂದುಕೊಟ್ಟರು, ಬೇಡ ಅಂದಳು. "ನಾನು ಉಪ್ಪಿನೂರು ನೋಡ್ಬೇಕು" ಅಂದಳು. ಬಸುರಿಯ ಬಯಕೆಗೆ ಇಲ್ಲ ಅನ್ನುವವರುಂಟೇ? ಗಂಡ ಮರಿಸ್ವಾಮಿ ಕರೆದುಕೊಂಡು ಹೋದ. ಅವನಿಗೋ ಬಾವಿ ಇಣುಕಿದರೇ ತಲೆಸುತ್ತು. "ನೀನು ಹೋಗ್ಬಾ, ನಾನು ಇಲ್ಲೇ ನಿನ್ನ ಚಪ್ಪಲಿ ಕಾಯ್ತೀನಿ" ಅಂತ ಗಣಿಯ ಬಾಯಲ್ಲೇ ಕೂತ.

ಸಣ್ಣೀರಮ್ಮ ಇಳಿದಳು. ಇಳಿದಳು, ಇಳಿದಳು, ನಿದ್ದೆಗೆ ಇಳಿದ ಹಾಗೆ ಇಳಿದಳು. "ಅಬ್ಬಾ, ಎಷ್ಟು ಉಪ್ಪು!" ಅಂದಳು.

"ಶ್!" ಅಂತು ಮೆಟ್ಟಿಲು. "ದೀಪ ಹಚ್ಚಿದೆ. ರುಚಿ ಅನ್ನವ್ವ."

"ಎಷ್ಟು ರುಚಿ!"

"ಹಾಂ, ಈಗ ಕಾಲಿಡು."

ಬಿಳಿ ಬೀದಿ, ಬಿಳಿ ಮನೆ. ಚಾವಣಿಯಲ್ಲಿ ಉಪ್ಪಿನ ದೀಪದ ಗೊಂಚಲು ಗಾಳಿಯಿಲ್ಲದೆ ತೂಗುತ್ತಿತ್ತು. ಬಂದವರೆಲ್ಲ ನೆಕ್ಕಿ ನೆಕ್ಕಿ ಕುದುರೆಯ ಒಂದು ಕಿವಿ ಕರಗಿಹೋಗಿತ್ತು. "ಅಕ್ಕಾ, ನನ್ನ ಕಿವಿ ನಿನ್ನ ಹತ್ತಿರ ಇದೆಯಾ?" ಅಂತ ಅದು ಕೇಳಿತು. ಇಲ್ಲವೆಂದಳು. ಆಮೇಲೆ ಕೆರೆ. ಹುಟ್ಟು ಹಾಕುವವರಿಲ್ಲದೆ ದೋಣಿ ಅವಳನ್ನು ಕೂರಿಸಿಕೊಂಡು ತಾನಾಗಿಯೇ ಗುನುಗುತ್ತಾ ಹೋಯಿತು. ಮೇಲೂ ಬಿಳುಪು, ಕೆಳಗೂ ಬಿಳುಪು. ಹೊಟ್ಟೆಯೊಳಗಿನ ಮಗು ಒದೆಯುವುದನ್ನು ಬಿಟ್ಟು ನೀರಿನ ಸದ್ದು ಕೇಳಿಸಿಕೊಂಡಿತು. ಸಣ್ಣೀರಮ್ಮನಿಗೆ ಇಷ್ಟು ಸುಖ ಯಾವತ್ತೂ ಆಗಿರಲಿಲ್ಲ.

ಅಷ್ಟರಲ್ಲಿ ಸೊಂಟದಲ್ಲಿ ಚಳಕ್ ಅಂತು. ಮಗು ಬಿಸಿಲಿರುವ ಕಡೆ ಹುಟ್ಟಬೇಕು ಅಂತ ಅವಳು ದೋಣಿ ಇಳಿದು ಊರಬಾಗಿಲಿಗೆ ಓಡಿದಳು. ಉಪ್ಪಿನ ಬಾಗಿಲು ಅಡ್ಡ ನಿಂತಿತು.

"ದೀಪ ಹಚ್ಚಿದ ಮೇಲೆ ರುಚಿ ಹೊಸ್ತಿಲು ದಾಟಬಾರದು."

"ನಾನು ಒಂದು ಹರಳೂ ಮುಟ್ಟಿಲ್ಲ ಕಣಪ್ಪ."

ಬಾಗಿಲು ಬಗ್ಗಿ ಅವಳ ಹಣೆಯ ಬೆವರು ನೆಕ್ಕಿತು. "ಇದೆ" ಅಂತು.

"ಅದು ನಂದು!"

"ಯಾರದಾದರೇನು, ರುಚಿ ರುಚಿಯೇ. ಹಗಲಾದ ಮೇಲೆ ಬಾ."

"ಇಲ್ಲಿ ಹಗಲು ಯಾವಾಗ ಆಗುತ್ತೆ?"

"ಇನ್ನೂ ಆಗಿಲ್ಲ. ಆದಾಗ ಹೇಳ್ತೀನಿ."

ಗಲಾಟೆ ಕೇಳಿ ರಾಜ ಬಂದ. "ಎಲ್ಲರೂ ಮಾಡಿದ್ದನ್ನೇ ಮಾಡು ತಾಯಿ. ಅತ್ತು ಒಳಗಿನ ರುಚಿಯನ್ನೆಲ್ಲ ಇಲ್ಲೇ ಬಿಟ್ಟು ಹೋಗು" ಅಂದ.

ಸಣ್ಣೀರಮ್ಮ ಅತ್ತಳು. ಒಂದು ಹನಿ ಬಿತ್ತು, ತವರುಮನೆಯ ಒಲೆಯ ವಾಸನೆ ಮರೆತುಹೋಯಿತು. ಇನ್ನೊಂದು ಬಿತ್ತು, ಮದುವೆ ದಿನದ ಹಾಡು ಮರೆತುಹೋಯಿತು. ಮತ್ತೊಂದು ರೆಪ್ಪೆಯ ಮೇಲೆ ಬಂದು ನಿಂತಿತು. ಮೇಲಿನಿಂದ ಮರಿಸ್ವಾಮಿ, "ಸಣ್ಣೀ, ಬಂದ್ಯಾ?" ಅಂತ ಕೂಗಿದ. ಯಾರೋ ಯಾರನ್ನೋ ಕರೆಯುತ್ತಿದ್ದಾರೆ ಅನ್ನಿಸಿತು ಅವಳಿಗೆ. ಅಯ್ಯೋ, ಅದು ನನ್ನ ಗಂಡನ ದನಿಯಲ್ಲವೇ ಅಂತ ಆಮೇಲೆ ಹೊಳೆಯಿತು. ಸೊರ್‍ ಅಂತ ಮೂಗೆಳೆದು ಆ ಹನಿಯನ್ನು ಒಳಗೆಳೆದುಕೊಂಡಳು.

"ಆಗಲ್ಲ ಸ್ವಾಮಿ! ಸಪ್ಪೆಯಾಗಿ ಹೋದ್ರೆ ನನ್ನ ಮಗು ನನ್ನದು ಅಂತ ನನಗೆ ಹೆಂಗೆ ಗೊತ್ತಾಗಬೇಕು?"

"ಹಾಗಾದರೆ ಇಲ್ಲೇ ಇರು. ನಿನ್ನ ಹೊಟ್ಟೆಯಲ್ಲೂ ರುಚಿನೀರಿನ ಕೆರೆಯೇ ಇದೆ. ಅದರಲ್ಲಿ ತೇಲುವುದೂ ನಮ್ಮದೇ."

ಆಗ ಹೊಟ್ಟೆಯೊಳಗಿಂದ ದನಿ ಬಂತು. "ಯಾರದು ನನ್ನ ಮನೆ ಮುಂದೆ ಜಗಳ?"

"ನಾನು ರಾಜ."

"ನಿಮ್ಮ ಪದ್ಧತಿ ಏನು ರಾಜರೇ?"

"ದೀಪ ಹಚ್ಚಿದ ಮೇಲೆ ಮನೆಯ ರುಚಿ ಮನೆಯಿಂದ ಹೊರಗೆ ಹೋಗಬಾರದು."

"ನಮ್ಮ ಮನೆಯಲ್ಲೂ ಅದೇ. ನಾನು ಒಂದು ಹನಿಯೂ ಹೊರಗೆ ಬಿಟ್ಟಿಲ್ಲ."

"ಭೇಷ್."

"ಆದರೆ ಮನೆಯೇ ಎದ್ದು ಹೋಗಬಾರದು ಅಂತ ಇದೆಯಾ?"

ರಾಜ ಗಡ್ಡ ಕೆರೆದುಕೊಂಡ. ಗಡ್ಡ ಪುಡಿಪುಡಿಯಾಗಿ ಉದುರಿತು. "ಮನೆ ಎದ್ದು ಹೋಗುತ್ತದೆ ಅಂತ ಯಾರಿಗೆ ಗೊತ್ತಿತ್ತು? ಹಾಗೇನೂ ಇಲ್ಲ" ಅಂದ.

"ಹಾಗಾದರೆ ನಮ್ಮ ಮನೆ ಈಗ ಹೊರಡುತ್ತದೆ. ಅವ್ವಾ, ನಡಿ."

ಬಾಗಿಲು ದಾರಿ ಬಿಟ್ಟಿತು. ರಾಜ ಹಿಂದಿನಿಂದ ಕೂಗಿದ. "ಏ, ಒಂದಲ್ಲ ಒಂದು ದಿನ ನೀನು ಆ ಮನೆ ಬಿಟ್ಟು ಬರಲೇಬೇಕು. ಬಾಣಂತಿ ಕೋಣೆಯಲ್ಲಿ ದೀಪ ಉರಿಯುತ್ತಿರುತ್ತದೆ. ಆಗ?"

"ಆಗ ನನ್ನ ಕಣ್ಣಿಂದ ಒಂದು ಹನಿಯೂ ಆಚೆ ಹೋಗಲ್ಲ. ಮಾತು ಕೊಟ್ಟೆ."

ಮಾತು ತೆಗೆದುಕೊಳ್ಳಲು ರಾಜ ಸಣ್ಣೀರಮ್ಮನ ಹೊಟ್ಟೆಯ ಮುಂದೆ ಅಂಗೈ ಹಿಡಿದ. ಒಳಗಿಂದ ಮಗು ಒಂದು ಸಲ ಒದೆಯಿತು. ಉಪ್ಪಿನ ರಾಜನಿಗೆ ಜೀವ ತಗುಲಿದ್ದು ಅದೇ ಮೊದಲು. ಅವನು ಅಂಗೈ ನೋಡಿಕೊಳ್ಳುತ್ತಾ ನಿಂತುಬಿಟ್ಟ.

ಸಣ್ಣೀರಮ್ಮ ಮೇಲೆ ಬಂದು, ಮನೆ ಸೇರಿ, ಬಿಸಿಲಿರುವಾಗಲೇ ಹೆಣ್ಣು ಹೆತ್ತಳು. ಆದರೂ ಬಾಣಂತಿ ಕೋಣೆಯ ಮೂಲೆಯಲ್ಲಿ ದೀಪ ಇತ್ತು. ಮಗು ಮನೆ ಹಾರಿಹೋಗುವಂತೆ ಅತ್ತಿತು, ಕಣ್ಣಲ್ಲಿ ಮಾತ್ರ ಒಂದು ಹನಿಯಿಲ್ಲ. "ಇದೇನೇ, ಕಳ್ಳ ಅಳು!" ಅಂದರು ನೋಡಲು ಬಂದವರು. "ಕಳ್ಳ ಅಲ್ಲ, ಮಾತು ಕೊಟ್ಟೈತೆ" ಅಂದಳು ಸಣ್ಣೀರಮ್ಮ.

ಒಂದು ಬೆಳಿಗ್ಗೆ ಅವಳು ಬಟ್ಟೆ ಒಣಹಾಕಲು ಅಂಗಳಕ್ಕೆ ಹೋದಳು. ಮಗು ಕಣ್ಣು ಬಿಟ್ಟು ಈ ಕಡೆ ನೋಡಿತು, ಆ ಕಡೆ ನೋಡಿತು. ಅವ್ವ ಇಲ್ಲ. ಮನೆಯೇ ಎದ್ದು ಹೋಗಿದೆ. ಕೊಟ್ಟ ಮಾತು ಎಲ್ಲಿ ನಿಂತೀತು? ಕಣ್ಣು ತುಂಬಿ ಒಂದು ಹನಿ ಕೆನ್ನೆಗಿಳಿಯಿತು. ದೀಪ ಉರಿಯುತ್ತಲೇ ಇತ್ತು.

ಸಣ್ಣೀರಮ್ಮ ಒದ್ದೆ ಬಟ್ಟೆ ಅಲ್ಲೇ ಬಿಸಾಡಿ ಓಡಿ ಬಂದಳು. ಹನಿ ನೆಲಕ್ಕೆ ಬೀಳುವ ಮೊದಲೇ ಆ ಕೆನ್ನೆಗೆ ತುಟಿ ಇಟ್ಟಳು. ಮನೆಯ ರುಚಿ ಮನೆಯೊಳಗೇ ಹೋಯಿತು.

ಇದರಿಂದ ತಿಳಿಯುವ ನೀತಿ ಏನೆಂದರೆ, ಅಳುವ ಮಗುವಿನ ಕೆನ್ನೆಗೆ ತಾಯಿ ಮುತ್ತಿಡುವುದು ಪ್ರೀತಿಗಲ್ಲ, ಪದ್ಧತಿಗೆ. ಹೀಗೆ ಹೇಳಿದ್ದು ಸುಳ್ಳಾದರೆ ನನ್ನ ಸಾರು ಸಪ್ಪೆಯಾಗಲಿ, ನಿಜವಾದರೆ ನಿಮ್ಮದು.