ಬೆರೆಸಿ ಕಳಿಸಿದ ಓಲೆಗಳು

ನದಿ ತಿರುಗುವಲ್ಲಿ ಒಂದು ಆಶ್ರಮವಿತ್ತು. ಮೇಲಿನ ಊರುಗಳ ಓಲೆಗಳು ಅಲ್ಲಿಗೆ ಬಂದು, ಓಟಗಾರರ ಕೈಯಲ್ಲಿ ಕಾಡು ದಾಟಿ ಕೆಳಗಿನ ಹೊಳೆಸಾಲು ಎಂಬ ಊರಿಗೆ ಹೋಗುತ್ತಿದ್ದವು. ದಾರಿಯಲ್ಲಿ ಕೆಲವು ಕಳೆದುಹೋಗುತ್ತಿದ್ದವು.

ಶಿಷ್ಯ ನಾಗಿದೇವ ಅದಕ್ಕೊಂದು ಉಪಾಯ ಹುಡುಕಿದ. ಅಕ್ಷರಗಳನ್ನು ಅಂಕಿಗಳಾಗಿ ಬರೆದ. ಒಬ್ಬ ಓಟಗಾರನಿಗೆ ಒಂದು ಓಲೆ, ಮತ್ತೊಬ್ಬನಿಗೆ ಇನ್ನೊಂದು, ಮೂರನೆಯವನಿಗೆ ಎರಡರ ಮೊತ್ತ. ಯಾರಾದರೂ ಇಬ್ಬರು ತಲುಪಿದರೆ ಸಾಕು, ಕೂಡಿ ಕಳೆದು ಎರಡೂ ಓಲೆ ಓದಬಹುದು.

ಗುರು ಮರುಳಯ್ಯನವರು ಮೆಚ್ಚಿದರು. ಹೊಳೆಸಾಲಿನ ಹಿರಿಯ ಬೊಮ್ಮಣ್ಣ ಬಂದು ಲೆಕ್ಕ ಕಲಿತು ಹೋದ.

ಮರುವರ್ಷ ನಾಗಿದೇವ ಹೇಳಿದ: "ಗುರುಗಳೇ, ಇನ್ನು ಎಂಟು ಓಲೆಗೆ ಒಂಬತ್ತೇ ಜನ ಸಾಕು. ಒಬ್ಬೊಬ್ಬರ ಕೈಯಲ್ಲೂ ಎಂಟರ ಬೇರೆ ಬೇರೆ ಬೆರಕೆ. ಯಾವ ಎಂಟು ಸೇರಿದರೂ ಎಲ್ಲವನ್ನೂ ಬಿಡಿಸಬಹುದು."

"ಏಳೇ ಸೇರಿದರೆ?"

"ಒಂದನ್ನೂ ಬಿಡಿಸಲಾಗದು. ಆದರೆ ಇಬ್ಬರು ಒಟ್ಟಿಗೆ ತಪ್ಪುವುದು ಅಪರೂಪ."

ಗುರುಗಳು ಒಪ್ಪಿದರು; ಬೊಮ್ಮಣ್ಣನೂ ಬಂದು ಹೊಸ ಲೆಕ್ಕ ಕಲಿತ.

ಆ ಮಳೆಗಾಲದಲ್ಲಿ ಮೇಲಿನಿಂದ ಸುದ್ದಿ ಬಂತು: ಕೆರೆಯ ಏರಿ ಬಿರುಕು ಬಿಟ್ಟಿದೆ, ಹೊಳೆಸಾಲಿನವರು ಗುಡ್ಡ ಹತ್ತಲಿ. ಅದರ ಜೊತೆಗೆ ಒಂದು ಮದುವೆಯ ಕರೆ, ಒಂದು ಎತ್ತಿನ ವ್ಯಾಪಾರ, ಐದು ಕ್ಷೇಮಸಮಾಚಾರ. ನಾಗಿದೇವ ಎಂಟನ್ನೂ ಬೆರೆಸಿ ಒಂಬತ್ತು ಜನರನ್ನು ಓಡಿಸಿದ.

ಇಬ್ಬರನ್ನು ತುಂಬಿದ ಹಳ್ಳ ತಡೆಯಿತು. ಏರಿ ಒಡೆಯಿತು.

ಮೂರನೆಯ ದಿನ ನಾಗಿದೇವ ಹೊಳೆಸಾಲಿನಿಂದ ಮರಳಿದ. ಮೊಣಕಾಲವರೆಗೆ ಕೆಸರು.

"ಬೊಮ್ಮಣ್ಣ?" ಗುರುಗಳು ಕೇಳಿದರು.

"ಇಲ್ಲ. ಮಗಳೊಬ್ಬಳು ಉಳಿದಿದ್ದಾಳೆ. ಅಪ್ಪ ಏಳು ಓಲೆ ಹರಡಿಕೊಂಡು ಕೂತಿದ್ದ ಅಂದಳು. ಇನ್ನೊಬ್ಬ ಬಂದೇ ಬರುತ್ತಾನೆ ಅಂತ ಬಾಗಿಲು ನೋಡುತ್ತಿದ್ದನಂತೆ."

"ಏರಿಯ ಸುದ್ದಿಯನ್ನು ಓಟಗಾರರಿಗೆ ಬಾಯಲ್ಲೂ ಹೇಳಿರಲಿಲ್ಲವೇ?"

"ಓಲೆಯೇ ಸಾಕೆಂದುಕೊಂಡೆ."

"ನಾನೂ ಕೇಳಲಿಲ್ಲ," ಎಂದರು ಗುರುಗಳು.

"ಲೆಕ್ಕ ಎಲ್ಲೂ ತಪ್ಪಿಲ್ಲ ಗುರುಗಳೇ. ಮೂರು ಸಲ ಮಾಡಿ ನೋಡಿದೆ."

ಗುರುಗಳು ಎದ್ದು ಹೋಗಿ ನದಿ ದಾಟುವ ದೋಣಿಯ ಹಗ್ಗ ಬಿಚ್ಚಿದರು.

"ದೋಣಿ ಹತ್ತು. ಇಬ್ಬರೂ ಹೋಗೋಣ. ಲೆಕ್ಕ ತಪ್ಪಿಲ್ಲ ಅಂತ ಆ ಹುಡುಗಿಗೆ ನೀನೇ ಹೇಳು."